ಕಾವಲು, ಕಂಚ, ಗಾಯರಾಣ: ನಮ್ಮ ಗಡಿನಾಡಿನ ಹುಲ್ಲುನೆಲಕ್ಕೆ ಹೆಸರು ಯಾವುದು?

ಜಹೀರಾಬಾದಿನಿಂದ ಬೀದರಿನ ಕಡೆಗೆ ಹೊರಟರೆ, ಊರು ಹಿಂದೆ ಸರಿದ ಸ್ವಲ್ಪ ಹೊತ್ತಿಗೇ ಕೆಂಪು ಮುರುಮಿನ ಎತ್ತರದ ಬಯಲು ತೆರೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಜಂಬಿಟ್ಟಿಗೆಯ ಪ್ರಸ್ಥಭೂಮಿ ಕೊಹೀರ, ಜಹೀರಾಬಾದುಗಳ ಸುತ್ತಿನಿಂದ ಬೀದರಿನ ಕೋಟೆಯವರೆಗೂ ಹಬ್ಬಿದೆ. ಸಾಗುವಳಿಗೆ ಸಿಗದೆ ಉಳಿದ ಕಡೆಗಳಲ್ಲಿ ಅಲ್ಲೊಂದು ಬನ್ನಿ, ಇಲ್ಲೊಂದು ಬಿಳಿಜಾಲಿ, ತುಸು ದೂರದಲ್ಲಿ ಮುತ್ತಲದ ಗುಂಪು, ಅಂಚಿನಲ್ಲಿ ಬಾರಿಯ ಕಂಟಿ. ಇವುಗಳ ನಡುವೆ ಎಲ್ಲೆಲ್ಲೂ ಹುಲ್ಲು. ಮೃಗಶಿರದ ಮಳೆ ಬಿದ್ದ ಮೇಲೆ ಹಸಿರಾಗುವ ಈ ಹುಲ್ಲು ದಸರೆಯ ಹೊತ್ತಿಗೆ ತೆನೆಯೊಡೆದು ಹೊಂಬಣ್ಣಕ್ಕೆ ತಿರುಗುತ್ತದೆ, ಶಿವರಾತ್ರಿ ಕಳೆಯುವಷ್ಟರಲ್ಲಿ ಒಣಗಿ ಬೂದುಬಣ್ಣ ತಾಳುತ್ತದೆ. ನಾರಾಯಣಖೇಡದ ಕಡೆ ಮಂಜೀರಾ ನದಿಯ ದಂಡೆಯ ಎರೆಯ ಹೊಲಗಳು ಮುಗಿದು ಮಡ್ಡಿ ಏರುವಲ್ಲಿಯೂ ಇದೇ ನೋಟ. ತಾಂಡೂರಿನ ಕಡೆ, ಮನೆಯ ನೆಲಕ್ಕೆ ಹಾಸುವ ಬಂಡೆಯ ಮೇಲೆ ತೆಳುವಾದ ಮಣ್ಣು ಕುಳಿತಲ್ಲಿಯೂ ಇದೇ ನೋಟ.

ಈ ನೆಲವನ್ನು ಏನೆಂದು ಕರೆಯಬೇಕು? ಕಾಡು ಎನ್ನಲು ಮರಗಳು ಒತ್ತಾಗಿಲ್ಲ. ಹೊಲ ಎನ್ನಲು ಉಳುಮೆಯಿಲ್ಲ. ಬರಿಯ ಬಯಲೆನ್ನಲು ಮರಗಳಿವೆ. ಶಾಲೆಯ ಭೂಗೋಳ ಪುಸ್ತಕದಲ್ಲಿ ಇಂಥ ನೆಲಕ್ಕೆ ‘ಸವನ್ನಾ’ ಎಂಬ ಹೆಸರಿದೆ. ಆದರೆ ಅದರ ಪಕ್ಕದಲ್ಲಿ ಅಚ್ಚಾಗಿರುವ ಚಿತ್ರ ಆಫ್ರಿಕದ ಸಿಂಹ, ಜಿರಾಫೆಗಳದು. ನಮ್ಮ ಮಕ್ಕಳು ಸವನ್ನಾ ಸಮುದ್ರದಾಚೆಯ ಸಂಗತಿಯೆಂದು ಕಲಿಯುತ್ತಾರೆ. ಊರಾಚೆಯ ಅದೇ ನೆಲವನ್ನು ‘ಬಂಜರು’ ಎಂದು ಕಲಿಯುತ್ತಾರೆ. ಈ ಎರಡು ಪಾಠಗಳ ನಡುವೆ ಒಂದು ದೀರ್ಘ ಚರಿತ್ರೆ ಅಡಗಿದೆ. ನಮ್ಮ ಹಿರಿಯರ ಬಳಿ ಈ ನೆಲಕ್ಕೆ ಒಂದಲ್ಲ, ಹಲವು ಹೆಸರುಗಳಿದ್ದವು. ಆ ಹೆಸರುಗಳು ದಾಖಲೆಗಳಿಂದ ಜಾರಿಹೋದ ಕ್ರಮವನ್ನೂ, ಹೆಸರಿನ ಜೊತೆಗೆ ನೆಲವೂ ಜಾರಿಹೋಗುತ್ತಿರುವ ಬಗೆಯನ್ನೂ ಈ ಸಂಚಿಕೆಯ ಓದುಗರ ಮುಂದೆ ಇಡುವುದು ನಮ್ಮ ಉದ್ದೇಶ.

ಜಾಂಗಲದಿಂದ ಜಂಗಲ್‌ವರೆಗೆ

ಮೊದಲು ಹೊರಗಿನಿಂದ ಬಂದ ಹೆಸರನ್ನು ನೋಡೋಣ. ‘ಸವನ್ನಾ’ ಆಫ್ರಿಕದ ಶಬ್ದವಲ್ಲ. ಅದು ಕೆರಿಬಿಯನ್ ದ್ವೀಪಗಳ ತೈನೊ ಜನರ ಮಾತು. ಸ್ಪೇನಿನವರು 16ನೆಯ ಶತಮಾನದಲ್ಲಿ ಅದನ್ನು ಕಲಿತು ಯುರೋಪಿಗೆ ಒಯ್ದರು. 1535ರಲ್ಲಿ ಒವಿಯೇದೊ ಎಂಬ ಸ್ಪೇನಿನ ಚರಿತ್ರಕಾರನು ಈ ಶಬ್ದಕ್ಕೆ ಕೊಟ್ಟ ಅರ್ಥ, ಮರಗಳಿಲ್ಲದ, ಹುಲ್ಲು ತುಂಬಿದ ನೆಲ ಎಂದು. ಮುಂದೆ ಸಸ್ಯವಿಜ್ಞಾನಿಗಳ ಕೈಯಲ್ಲಿ ಅದರ ಅರ್ಥ ಬದಲಾಗಿ, ಹುಲ್ಲಿನ ಹಾಸು ಬಿಡುವಿಲ್ಲದೆ ಹರಡಿ, ಮರಗಳು ಬಿಡಿಬಿಡಿಯಾಗಿ ನಿಂತ ನೆಲಕ್ಕೆ ಅದೇ ಹೆಸರು ನಿಂತಿತು. ಇಂದು ವಿಜ್ಞಾನಿಗಳು ದಖ್ಖನಿನ ಬಹುಭಾಗವನ್ನು ಈ ಹೆಸರಿನಿಂದಲೇ ಗುರುತಿಸುತ್ತಾರೆ.

ಆದರೆ ಅದಕ್ಕಿಂತ ಬಹಳ ಹಿಂದೆಯೇ ನಮ್ಮ ವೈದ್ಯಶಾಸ್ತ್ರ ಈ ನೆಲವನ್ನು ಗುರುತಿಸಿ ಹೆಸರಿಟ್ಟಿತ್ತು. ಆಯುರ್ವೇದವು ದೇಶಗಳನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಆನೂಪವೆಂದರೆ ನೀರು ನಿಂತ ಜವುಗುನೆಲ. ಜಾಂಗಲವೆಂದರೆ ಒಣಗಾಳಿ ಬೀಸುವ, ತೆರೆದ ಆಕಾಶದ, ಬಿಸಿಲುಗುದುರೆ ಓಡುವ ನೆಲ. ಅಲ್ಲಿ ಬೆಳೆಯುವ ಮರಗಳ ಪಟ್ಟಿಯಲ್ಲಿ ಚರಕಸಂಹಿತೆ ಶಮಿಯನ್ನೂ ಬದರಿಯನ್ನೂ ಖದಿರವನ್ನೂ ಹೇಳುತ್ತದೆ. ಅಲ್ಲಿನ ಹಕ್ಕಿಗಳಲ್ಲಿ ತಿತ್ತಿರಿಯನ್ನೂ ಲಾವವನ್ನೂ ಎಣಿಸುತ್ತದೆ. ಶಮಿ ನಮ್ಮ ಬನ್ನಿ. ಬದರಿ ನಮ್ಮ ಬಾರಿ. ತಿತ್ತಿರಿ ನಮ್ಮ ಗೌಜಲಹಕ್ಕಿ. ಲಾವ ನಮ್ಮ ಲಾವಿಗೆ. ಸಂಹಿತೆಯ ಈ ಪಟ್ಟಿಯನ್ನು ಹಿಡಿದುಕೊಂಡು ಝರಾಸಂಗಮದ ಸುತ್ತಿನ ಮಡ್ಡಿಗೆ ಹೋದರೆ ಇವುಗಳ ಗುರುತು ಹಚ್ಚಲು ಕಷ್ಟವಾಗದು. ಕೃಷ್ಣಮೃಗವು ತಾನಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುವಾಗ ಅದರ ಕಣ್ಣೆದುರು ಇದ್ದುದೂ ಇಂಥ ತೆರೆದ ನೆಲವೇ. ಆ ಮೃಗ ದಟ್ಟಡವಿಯದಲ್ಲ, ಹುಲ್ಲುಬಯಲಿನದು.

ಈ ‘ಜಾಂಗಲ’ವೇ ಆಡುಮಾತಿನಲ್ಲಿ ‘ಜಂಗಲ್’ ಆಯಿತು. ಆಂಗ್ಲರ ಬಾಯಲ್ಲಿ ಮರಬಳ್ಳಿಗಳು ಹೆಣೆದುಕೊಂಡ ಮಳೆಕಾಡಿನ ಅರ್ಥ ಪಡೆಯಿತು. ಫ್ರಾನ್ಸಿನ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ ಈ ಅರ್ಥಪಲ್ಲಟವನ್ನು 1982ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾನೆ. ಒಣನೆಲದ ಹೆಸರು ಹೋಗಿ ಒದ್ದೆಕಾಡಿನ ಹೆಸರಾಯಿತು. ಒಣನೆಲ ಹೆಸರಿಲ್ಲದೆ ಉಳಿಯಿತು. ನಮ್ಮ ಕಥೆಯಲ್ಲಿ ಇದು ಮೊದಲನೆಯ ನಷ್ಟ.

ಹಾಳಾದ ಕಾಡೋ, ಹಳೆಯ ಹುಲ್ಲುನೆಲವೋ?

ಇಲ್ಲಿ ಒಂದು ಸಂದೇಹ ಸಹಜವಾಗಿ ಏಳುತ್ತದೆ. ಒಂದಾನೊಂದು ಕಾಲದಲ್ಲಿ ಇಲ್ಲೆಲ್ಲ ದಟ್ಟಡವಿ ಇದ್ದು, ಕೊಡಲಿಯಿಂದಲೂ ದನಕುರಿಗಳ ಬಾಯಿಂದಲೂ ಅದು ಹಾಳಾಗಿ ಈ ಸ್ಥಿತಿಗೆ ಬಂದಿರಬಹುದಲ್ಲವೆ? ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಹಾಗೆಯೇ ಭಾವಿಸಿದರು. ನಮ್ಮಲ್ಲಿ ಅನೇಕರೂ ಇಂದಿಗೂ ಹಾಗೆಯೇ ನಂಬಿದ್ದಾರೆ. ಕೆಲವು ಕಡೆ ಕಾಡು ಕಡಿದು ಬಯಲಾದದ್ದು ನಿಜ. ಆದರೆ ದಖ್ಖನಿನ ಒಣಬಯಲಿಗೆಲ್ಲ ಈ ಮಾತನ್ನು ಅನ್ವಯಿಸಲು ಸಾಕ್ಷ್ಯಗಳು ಒಪ್ಪುವುದಿಲ್ಲ.

ಮೊದಲನೆಯ ಸಾಕ್ಷಿ ನೆಲದ್ದೇ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಎಂಟುನೂರು ಮಿಲಿಮೀಟರಿನ ಆಸುಪಾಸು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ಒಣಹವೆ. ಮುರುಮಿನ ಮೇಲಿನ ತೆಳುಮಣ್ಣು ನೀರನ್ನು ಬಹುಕಾಲ ಹಿಡಿದಿಡದು. ಇಂಥಲ್ಲಿ ಹುಲ್ಲು ಗೆಲ್ಲುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಮೇಲ್ಭಾಗ ಸತ್ತರೂ, ಬೆಂಕಿ ಹಾಯ್ದರೂ, ದನ ಮೇಯ್ದರೂ ಅದರ ಬೇರು ನೆಲದೊಳಗೆ ಬದುಕಿರುತ್ತದೆ. ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಆಳಕ್ಕೆ ಬೇರಿಳಿಸಬಲ್ಲ ಬನ್ನಿ, ದಪ್ಪ ತೊಗಟೆಯ ಮುತ್ತಲ, ಮುಳ್ಳಿನ ರಕ್ಷಣೆಯಿರುವ ಜಾಲಿ, ಇಂಥ ಕೆಲವೇ ಮರಗಳು ಹುಲ್ಲಿನೊಡನೆ ಬಾಳುತ್ತವೆ. ಭಾರತ ಉಪಖಂಡದಲ್ಲಿ ಇಂಥ ಉಷ್ಣವಲಯದ ಹುಲ್ಲುಗಳು ಹರಡಿದ್ದು ಸುಮಾರು 70–80 ಲಕ್ಷ ವರ್ಷಗಳ ಹಿಂದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೊಡಲಿ ಹಿಡಿದ ಮನುಷ್ಯ ಆಗ ಹುಟ್ಟಿಯೇ ಇರಲಿಲ್ಲ.

ಎರಡನೆಯ ಸಾಕ್ಷಿ ಬೂದಿದಿಬ್ಬಗಳದು. ಕೃಷ್ಣಾ, ಭೀಮಾ ನದಿಗಳ ಬಯಲಿನಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಹಿಂದೆ ಇವುಗಳನ್ನು ರಾಕ್ಷಸರ ಚಿತಾಭಸ್ಮವೆಂದೂ, ಯಜ್ಞದ ಬೂದಿಯೆಂದೂ ಜನ ಹೇಳುತ್ತಿದ್ದುದುಂಟು. ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೆಂದೂ, ದೊಡ್ಡಿಯಲ್ಲಿ ರಾಶಿಯಾದ ಸಗಣಿ ಮತ್ತೆ ಮತ್ತೆ ಉರಿದು ಬೂದಿದಿಬ್ಬವಾಯಿತೆಂದೂ ಸ್ಪಷ್ಟಪಡಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ಆ ಜನರ ಬದುಕಿನ ಚಿತ್ರವನ್ನು ಇನ್ನಷ್ಟು ತುಂಬಿಕೊಟ್ಟಿತು. ಅಂದರೆ ಇಂದಿಗೆ ನಾಲ್ಕು, ಐದು ಸಾವಿರ ವರ್ಷಗಳ ಹಿಂದೆಯೇ ಸಾವಿರಾರು ದನಗಳಿಗೆ ಮೇವು ಕೊಡಬಲ್ಲ ಹುಲ್ಲು ಈ ಸೀಮೆಯಲ್ಲಿತ್ತು. ದಟ್ಟಕಾಡಿನಲ್ಲಿ ಅಂಥ ಹಿಂಡುಗಳು ಬಾಳಲಾರವು.

ಮೂರನೆಯದು ಕಲ್ಲಿನ ಮೇಲೆ ಕೊರೆದ ಸಾಕ್ಷಿ. ಕನ್ನಡನಾಡಿನ ವೀರಗಲ್ಲುಗಳಲ್ಲಿ ‘ತುರುಗೊಳ್’ ಎಂಬ ಪದ ಮೇಲಿಂದ ಮೇಲೆ ಬರುತ್ತದೆ. ತುರು ಎಂದರೆ ಆಕಳು. ದನಗಳನ್ನು ಹೊಡೆದುಕೊಂಡು ಹೋಗಲು ಬಂದ ಶತ್ರುಗಳನ್ನು ತಡೆಯುತ್ತ ಮಡಿದ ವೀರರ ನೆನಪಿಗೆ ಊರವರು ಈ ಕಲ್ಲುಗಳನ್ನು ನಿಲ್ಲಿಸಿದರು. ಗಡಿಯ ಹೋರಾಟವೆಂದರೆ ಆಗ ಮೇವಿನ ನೆಲದ, ದನದ ಹೋರಾಟ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬ ವಚನಕಾರನಿದ್ದ. ದನ ಕಾಯುವುದು ಅವನ ಕಾಯಕ. ರಾಜಧಾನಿಯ ಆಸುಪಾಸಿನಲ್ಲಿ ದನ ಕಾಯುವುದನ್ನೇ ಕಾಯಕವಾಗಿ ಉಳ್ಳವನೊಬ್ಬನಿದ್ದನೆಂದರೆ, ಅಲ್ಲಿ ಮೇಯಿಸಲು ನೆಲವೂ ಇತ್ತೆಂದೇ ಅರ್ಥ.

ನಾಲ್ಕನೆಯ ಸಾಕ್ಷಿ ನೆರೆಯ ಮರಾಠಿಯಿಂದ ಇತ್ತೀಚೆಗೆ ಬಂದಿದೆ. ಆಶೀಶ್ ನೆರ್ಲೇಕರ್ ಮತ್ತು ದಿಗ್ವಿಜಯ ಪಾಟೀಲ ಎಂಬ ಸಂಶೋಧಕರು ಹದಿಮೂರನೆಯ ಶತಮಾನದಿಂದ ಈಚಿನ ಮರಾಠಿ ಕೃತಿಗಳನ್ನೂ, ಜನಪದ ಹಾಡುಗಳನ್ನೂ ಓದಿ, ಅವುಗಳಲ್ಲಿ ಹೆಸರಿಸಿರುವ ಗಿಡಮರಗಳನ್ನು ಪಟ್ಟಿಮಾಡಿ 2025ರಲ್ಲಿ ಪ್ರಕಟಿಸಿದರು. ಆ ಹೆಸರುಗಳಲ್ಲಿ ಹೆಚ್ಚಿನವು ತೆರೆದ ಹುಲ್ಲುನೆಲದ ಮರಗಳವು. ಮಹಾರಾಷ್ಟ್ರದ ಒಣಸೀಮೆ ಕನಿಷ್ಠ 750 ವರ್ಷಗಳಿಂದ ಹೀಗೆಯೇ ಇದೆ ಎಂಬುದು ಅವರ ನಿರ್ಣಯ. ನಮ್ಮ ಹಾಡು, ಕಥೆಗಳಲ್ಲಿ ಮರದ ಹೆಸರು ಬಂದರೆ ಅದು ಕೇವಲ ಅಲಂಕಾರವಲ್ಲ, ನೆಲದ ದಾಖಲೆಯೂ ಹೌದು ಎಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ಕನ್ನಡದಲ್ಲಿ ಇಂಥ ಕೆಲಸಕ್ಕೆ ಸಾಮಗ್ರಿ ಇನ್ನೂ ಹೆಚ್ಚು ಹಳೆಯದಾಗಿ, ಹೆಚ್ಚು ವಿಪುಲವಾಗಿ ದೊರೆಯುತ್ತದೆ. ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು ಮುಟ್ಟುತ್ತದೆ. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆ ಮಾನ್ಯಖೇಟದ ಆಸ್ಥಾನದಲ್ಲಿ ಹುಟ್ಟಿದ್ದೆಂಬುದನ್ನು ನಮ್ಮ ಸಂಘದ ಓದುಗರಿಗೆ ನೆನಪಿಸಬೇಕಾಗಿಲ್ಲ.

ಕಾಯುವ ಮಾತುಗಳು

ಇನ್ನು ನಮ್ಮ ಹಿರಿಯರ ಶಬ್ದಗಳಿಗೆ ಬರೋಣ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ನೆಲಕ್ಕೆ ‘ಕಾವಲು’ ಎಂದು ಹೆಸರು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಗೆ ಟಿಪ್ಪುಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಅದರ ದನಗಳಿಗಾಗಿ ಕಾದಿಟ್ಟ ಹುಲ್ಲುನೆಲಗಳೇ ಅಮೃತ ಮಹಲ್ ಕಾವಲುಗಳು. ಒಂದು ಕಾಲಕ್ಕೆ ಇವು ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳೆಂಬ ವಿಂಗಡಣೆಯಿತ್ತು. ಹುಲ್ಲು ಮತ್ತೆ ಚಿಗುರಲು ಬಿಡುವು ಕೊಡುವ ಜಾಣ್ಮೆ ಅದರಲ್ಲಿತ್ತು. ‘ಕಾವಲು’ ಎಂಬುದು ‘ಕಾ’, ಅಂದರೆ ರಕ್ಷಿಸು ಎಂಬ ಧಾತುವಿನಿಂದ ಬಂದದ್ದು. ನಾವು ದಿನವೂ ಬಳಸುವ ‘ಹುಲ್ಲುಗಾವಲು’ ಎಂಬ ಮಾತಿನೊಳಗೂ ಇದೇ ಕಾವಲು ಕುಳಿತಿದೆ. ಕನ್ನಡಿಗನು ಹುಲ್ಲುಗಾವಲು ಎಂದಾಗ, ತಿಳಿದೋ ತಿಳಿಯದೆಯೋ, ‘ಕಾಯಬೇಕಾದ ಹುಲ್ಲು’ ಎಂದು ಹೇಳುತ್ತಾನೆ.

ನಮ್ಮ ತೆಲಂಗಾಣದ ತೆಲುಗಿನಲ್ಲಿ ಇದಕ್ಕೆ ‘ಕಂಚ’ ಎಂದು ಹೆಸರು. ಕಂಚೆ ಎಂದರೆ ಬೇಲಿ. ದನಕರುಗಳಿಗಾಗಿ ಬೇಲಿ ಹಾಕಿ ಬಿಟ್ಟ ನೆಲ ಕಂಚ. ಮರಾಠಿಯಿಂದ ಬಂದ ‘ಗಾಯರಾಣ’ ಎಂಬ ಮಾತು ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಗಾಯ್ ಎಂದರೆ ಆಕಳು. ‘ರಾನ’ ಸಂಸ್ಕೃತದ ಅರಣ್ಯದಿಂದ ಬಂದದ್ದು. ಗಾಯರಾಣವೆಂದರೆ ಆಕಳ ಅಡವಿ. ಮೂರು ಭಾಷೆಗಳು, ಮೂರು ಶಬ್ದಗಳು: ಒಂದರಲ್ಲಿ ಕಾಯುವ ಕೆಲಸವಿದೆ, ಇನ್ನೊಂದರಲ್ಲಿ ಕಾಯುವ ಬೇಲಿಯಿದೆ, ಮತ್ತೊಂದರಲ್ಲಿ ಯಾರಿಗಾಗಿ ಕಾಯಬೇಕೋ ಆ ಆಕಳಿದೆ. ಮೂರರಲ್ಲಿ ಒಂದಾದರೂ ‘ಕೆಲಸಕ್ಕೆ ಬಾರದ ನೆಲ’ ಎಂಬ ಅರ್ಥವನ್ನು ಕೊಡುವುದಿಲ್ಲ.

ಉತ್ತರ ಕರ್ನಾಟಕದ ‘ಅಡವಿ’ ಎಂಬ ಮಾತನ್ನೂ ಇಲ್ಲಿ ಗಮನಿಸಬೇಕು. ನಮ್ಮ ಹಿರಿಯರು ‘ಅಡವಿಗೆ ಹೋಗಿ ಬರತೀನಿ’ ಎಂದರೆ ಹುಲಿ ಇರುವ ಕಾಡಿಗೆ ಹೋದರೆಂದಲ್ಲ; ಊರಾಚೆಯ ಹೊಲ, ಮಡ್ಡಿ, ಹುಲ್ಲು, ಹಳ್ಳ ಎಲ್ಲವೂ ಸೇರಿದ ಬಯಲಿಗೆ ಹೋದರೆಂದು ಅರ್ಥ. ಮರಾಠಿಯ ‘ರಾನ’ಕ್ಕೂ ಇದೇ ಎರಡು ಅರ್ಥಗಳು. ಹೊಲ ಮತ್ತು ಅಡವಿಗಳ ನಡುವೆ ಗೆರೆ ಎಳೆಯದೆ, ಒಂದು ವರ್ಷ ಉತ್ತು ಇನ್ನೊಂದು ವರ್ಷ ಮೇಯಲು ಬಿಡುತ್ತಿದ್ದ ಬಾಳ್ವೆಯ ಗುರುತು ಈ ಮಾತುಗಳಲ್ಲಿದೆ. ಉಳದೆ ಬಿಟ್ಟ ಹೊಲಕ್ಕೆ ಕನ್ನಡದಲ್ಲಿ ‘ಬೀಳು’ ಎನ್ನುತ್ತೇವೆ, ತೆಲುಗಿನಲ್ಲಿ ‘ಬೀಡು’ ಎನ್ನುತ್ತಾರೆ. ಮಣ್ಣನ್ನು ಎರೆ, ಮಸಾರಿ, ಮಡ್ಡಿ ಎಂದು ವಿಂಗಡಿಸುತ್ತೇವೆ. ಒಬ್ಬ ಕುರಿಗಾಹಿಗೆ ಈ ಒಂದೊಂದು ಮಾತೂ ಯಾವ ತಿಂಗಳಲ್ಲಿ ಎಲ್ಲಿ ಹುಲ್ಲು ಸಿಗುತ್ತದೆ ಎಂಬುದರ ಕೈಮರ.

ಮರಾಠಿ ಮತ್ತು ಕನ್ನಡ ಸೀಮೆಗಳ ಈ ದನಗಾಹಿ ಮೂಲವನ್ನು ಶಂ. ಬಾ. ಜೋಶಿಯವರು ‘ಹಟ್ಟಿ’ಯ ಜನರೆಂಬ ವಿಚಾರದ ಮೂಲಕ ಬಹುಕಾಲದ ಹಿಂದೆಯೇ ಎತ್ತಿ ತೋರಿಸಿದ್ದರು. ಅವರ ಎಲ್ಲ ಶಬ್ದನಿಷ್ಪತ್ತಿಗಳನ್ನು ಎಲ್ಲ ವಿದ್ವಾಂಸರೂ ಒಪ್ಪದಿರಬಹುದು. ಆದರೆ ಹಟ್ಟಿಯೂ ಹುಲ್ಲುನೆಲವೂ ಇಲ್ಲದೆ ಈ ಸೀಮೆಯ ಚರಿತ್ರೆಯನ್ನು ಬರೆಯಲಾಗದು ಎಂಬ ಅವರ ಮುಖ್ಯ ಮಾತು ನಿಲ್ಲುವಂಥದು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಇಂದಿಗೂ ತೆಲುಗು, ಕನ್ನಡ, ಮರಾಠಿಗಳ ಭಕ್ತರು ಭಂಡಾರ ಎರಚುತ್ತಾರೆ. ಕುರಿಗಾಹಿಗಳ ಆ ದೇವರಿಗೆ ಭಾಷೆಯ ಗಡಿ ತಿಳಿಯದು. ಏಕೆಂದರೆ ಕುರಿಗೆ ತಿಳಿಯದು.

ಬಂಜರು ಎಂಬ ಹೊಸ ಹೆಸರು

ಹೈದರಾಬಾದ ಸಂಸ್ಥಾನದಲ್ಲಿ ನಾರಾಯಣಖೇಡ, ಜಹೀರಾಬಾದ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಮತ್ತು ಕೊಡಂಗಲ್ ಕಲಬುರಗಿ ಜಿಲ್ಲೆಯಲ್ಲಿದ್ದವು. ಕಂದಾಯದ ದಾಖಲೆ ಉರ್ದುವಿನಲ್ಲಿ ನಡೆಯುತ್ತಿತ್ತು. ಕಂಚ, ಗಾಯರಾಣಗಳೂ ಆ ದಾಖಲೆಗಳಲ್ಲಿ ಬರುತ್ತಿದ್ದವು. ಜೊತೆಗೆ ‘ಬಂಜರ್’, ‘ಪೋರಂಬೋಕ್’, ‘ಖಾರಿಜ್ ಖಾತಾ’ ಎಂಬ ಹೆಸರುಗಳೂ ಇದ್ದವು. ಕಂದಾಯದ ಕಣ್ಣಿನಿಂದ ನೋಡಿದರೆ ಇವು ಸಹಜ. ತೆರಿಗೆ ತರುವ ನೆಲಕ್ಕೆ ಒಂದು ಕಾಲಂ, ತಾರದ ನೆಲಕ್ಕೆ ಇನ್ನೊಂದು ಕಾಲಂ. ಬ್ರಿಟಿಷ್ ಪ್ರಾಂತಗಳಲ್ಲಿಯೂ ಕಂದಾಯ ಕೊಡದ ನೆಲವೆಲ್ಲ ಪಾಳುನೆಲವೆಂದೇ ಬರೆಯಲ್ಪಟ್ಟಿತು. ಆಕಳು ಮೇಯ್ದದ್ದು, ಕುರಿ ಹಿಕ್ಕೆ ಹಾಕಿದ್ದು, ಹೆಂಗಸರು ಸೊಪ್ಪು ಕಿತ್ತದ್ದು ಯಾವ ಕಾಲಮಿನಲ್ಲಿಯೂ ಬರಲಿಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಯಿತು. ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನಿರ್ಣಾ ವಲಯವನ್ನುಳಿದು ಜಹೀರಾಬಾದ ತಾಲೂಕು ಮತ್ತು ಬೀದರ ತಾಲೂಕಿನ ನ್ಯಾಲಕಲ್ ವಲಯ, ಕಲಬುರಗಿ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರಿನದೇ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಮನುಷ್ಯರ ನೆಂಟಸ್ತನಗಳು ಗಡಿಯ ಎರಡು ಕಡೆ ಹಂಚಿಹೋದ ಕಥೆಯನ್ನು ನಮ್ಮ ಸಂಘದ ಸಂಚಿಕೆಗಳು ಹಲವು ಬಾರಿ ಹೇಳಿವೆ. ಹುಲ್ಲುನೆಲವೂ ಹಾಗೆಯೇ ಹಂಚಿಹೋಯಿತೆಂಬುದನ್ನು ನಾವು ಹೇಳಲಿಲ್ಲ. ದೇವಣಿ ತಳಿಯ ದನಗಳ ಹೆಸರು ಹಳೆಯ ಉದಗೀರ ಸೀಮೆಯ ದೇವಣಿಯಿಂದ ಬಂದದ್ದು. ಆ ತಳಿ ಬೆಳೆದ ನಾಡು ಇಂದು ಲಾತೂರು, ನಾಂದೇಡ, ಬೀದರ ಜಿಲ್ಲೆಗಳಲ್ಲಿಯೂ, ಅವುಗಳಿಗೆ ಅಂಟಿಕೊಂಡ ನಾರಾಯಣಖೇಡದ ಅಂಚಿನಲ್ಲಿಯೂ ಚೆದುರಿದೆ. ಒಂದೇ ಮಡ್ಡಿಯ ಒಂದು ಪಕ್ಕ ಕರ್ನಾಟಕದ ಪಹಣಿಯಲ್ಲಿ ಗಾಯರಾಣವಾಯಿತು, ಇನ್ನೊಂದು ಪಕ್ಕ ತೆಲುಗಿನ ದಾಖಲೆಯಲ್ಲಿ ಕಂಚವಾಯಿತು, ಮೂರನೆಯದು ಮಹಾರಾಷ್ಟ್ರದ ಗಾಯರಾನವಾಯಿತು. ಮೂರು ರಾಜ್ಯಗಳ ಮೇವಿನ ನೆಲವನ್ನು ಒಂದೇ ನೆಲವೆಂದು ಕಾಣುವ ಕಣ್ಣು ಯಾವ ಕಚೇರಿಗೂ ಉಳಿಯಲಿಲ್ಲ.

ಕಾನೂನು ಈ ನೆಲವನ್ನು ಪೂರ್ತಿ ಮರೆತಿತ್ತೆಂದಲ್ಲ. ಕರ್ನಾಟಕದ 1966ರ ಭೂಕಂದಾಯ ನಿಯಮಗಳು ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು 30 ಎಕರೆ, ಗೋಮಾಳ ಮೀಸಲಿಡಬೇಕೆಂದು ಹೇಳಿದವು. ಆದರೆ ಭೂಹೀನರಿಗೆ ನೆಲ ಕೊಡಬೇಕಾದಾಗ, ಕಾರ್ಖಾನೆಗೆ ನೆಲ ಬೇಕಾದಾಗ, ಕಚೇರಿಯ ಕಣ್ಣು ಮೊದಲು ಬಿದ್ದದ್ದು ಇಂಥ ನೆಲದ ಮೇಲೆಯೇ. ಬಡವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಊರಿನ ಒಳ್ಳೆಯ ಎರೆಯ ಹೊಲ ಉಳ್ಳವರಲ್ಲಿಯೇ ಉಳಿದು, ಬಡವರ ಪಾಲಿಗೆ ಮುರುಮಿನ ಮಡ್ಡಿ ಬಂತು. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿತು. 2000ದಿಂದ ಈಚೆಗೆ ಉಪಗ್ರಹದ ಚಿತ್ರಗಳಿಂದ ದೇಶದ ‘ಪಾಳುಭೂಮಿ ಭೂಪಟ’ಗಳು ಸಿದ್ಧವಾದವು. ಅವುಗಳಲ್ಲಿ ಕುರುಚಲು ಗಿಡಗಳಿರುವ ನೆಲವನ್ನೆಲ್ಲ ಪಾಳುಭೂಮಿಯ ಲೆಕ್ಕದಲ್ಲಿಯೇ ಸೇರಿಸಲಾಗಿದೆ. ಹಳ್ಳಿಯವನ ಕಾವಲು, ಸಂಹಿತೆಯ ಜಾಂಗಲ, ವಿಜ್ಞಾನಿಯ ಸವನ್ನಾ, ಎಲ್ಲವೂ ಭೂಪಟದ ಒಂದು ಬಣ್ಣದಲ್ಲಿ ಪಾಳಾಗಿಹೋದವು.

ಹೆಸರು ಬದಲಾದರೆ ಏನಾಗುತ್ತದೆ ಎಂದು ಕೇಳುವವರಿಗೆ ಉದಾಹರಣೆಗಳು ಹತ್ತಿರದಲ್ಲಿಯೇ ಇವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ನಮ್ಮ ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಹನ್ನೆರಡು ಸಾವಿರ ಎಕರೆಗೂ ಹೆಚ್ಚು ನೆಲ ರಾಷ್ಟ್ರೀಯ ಕೈಗಾರಿಕಾ ವಲಯದ ಯೋಜನೆಯೊಳಗೆ ಬಂದಿದೆ. ಅದರಲ್ಲಿ ಬೆಳೆಯುವ ಹೊಲಗಳೂ ಇವೆ. ಕೈಗಾರಿಕೆ ಬೇಡವೆಂಬುದು ನಮ್ಮ ವಾದವಲ್ಲ. ನಮ್ಮ ಮಕ್ಕಳಿಗೂ ಕೆಲಸ ಬೇಕು. ಕೊಡುವ ಮುನ್ನ ಏನನ್ನು ಕೊಡುತ್ತಿದ್ದೇವೆಂದು ತಿಳಿದಿರಬೇಕೆಂಬುದಷ್ಟೇ ನಮ್ಮ ಮಾತು. ‘ಬಂಜರು’ ಎಂದಾಗ ಕೊಟ್ಟದ್ದಕ್ಕೆ ಲೆಕ್ಕವಿರುವುದಿಲ್ಲ. ‘ಕಾವಲು’ ಎಂದಾಗ ಇರುತ್ತದೆ.

ಗಿಡ ನೆಡುವ ಒಳ್ಳೆಯ ಉದ್ದೇಶದಿಂದಲೂ ಈ ನೆಲಕ್ಕೆ ಕೇಡಾಗುವುದುಂಟು. ಹುಲ್ಲುನೆಲದ ಮೇಲೆ ನೀಲಗಿರಿಯನ್ನೋ ಗ್ಲಿರಿಸಿಡಿಯಾವನ್ನೋ ಒತ್ತಾಗಿ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ. ಮೇವೂ ಇಲ್ಲ, ಕಾಡೂ ಇಲ್ಲ ಎಂಬಂತಾಗುತ್ತದೆ. ಉರುವಲಿಗೆಂದು ತಂದ ಬಳ್ಳಾರಿಜಾಲಿ ಎಷ್ಟು ಗಾಯರಾಣಗಳನ್ನು ನುಂಗಿದೆಯೆಂಬುದು ಎಲ್ಲರಿಗೂ ಕಾಣುವಂಥದು. ಬರಡಾದ ಗುಡ್ಡಕ್ಕೆ, ಊರಬೀದಿಗೆ, ಹೊಲದ ಬದುವಿಗೆ ಮರ ಬೇಕು. ಆದರೆ ಹುಲ್ಲಿಗೂ ತನ್ನ ನೆಲದಲ್ಲಿ ಹಕ್ಕಿದೆ.

ಹುಲ್ಲುನೆಲದ ಬಂಧುಗಳು

ಈ ನೆಲದ ಬದುಕು ಎಷ್ಟು ದೊಡ್ಡದೆಂಬುದನ್ನು ಅದರ ಬಂಧುಗಳನ್ನು ಎಣಿಸಿದರೆ ತಿಳಿಯುತ್ತದೆ. ಇಲ್ಲಿ ಕೃಷ್ಣಮೃಗವಿದೆ, ನಮ್ಮವರು ಅದನ್ನು ಚಿಗರಿ ಎನ್ನುತ್ತಾರೆ. ಮಂಜೀರಾ ದಂಡೆಯ ಬಯಲುಗಳಲ್ಲಿ ಅದರ ಹಿಂಡು ಇಂದಿಗೂ ಕಾಣುತ್ತದೆ. ಹುಲ್ಲು ಕಡಿಮೆಯಾದಷ್ಟೂ ಅದು ಹೊಲಕ್ಕೆ ನುಗ್ಗುತ್ತದೆ. ರೈತನಿಗೂ ಚಿಗರಿಗೂ ನಡುವಿನ ಜಗಳದ ಬೇರು ಇಲ್ಲಿದೆ. ಚಿಗರಿಯ ಹಿಂದೆ ತೋಳವಿದೆ. ಕುರಿಗಾಹಿಯ ಕಥೆಗಳಲ್ಲೆಲ್ಲ ಬರುವ ಈ ಪ್ರಾಣಿ ಈಗ ಕಥೆಗಳಲ್ಲಿಯೇ ಹೆಚ್ಚು. ದಖ್ಖನಿನ ಹುಲ್ಲುಬಯಲುಗಳಲ್ಲಿ ತಲೆ ಎತ್ತಿ ನಡೆಯುತ್ತಿದ್ದ ಹೆಬ್ಬಕವಂತೂ ಕರ್ನಾಟಕದಲ್ಲಿಯೂ ತೆಲುಗುಸೀಮೆಯಲ್ಲಿಯೂ ಅಳಿವಿನ ಅಂಚಿಗೆ ಬಂದಿದೆ.

ಮನುಷ್ಯರ ಹಬ್ಬಗಳೂ ಈ ನೆಲದಿಂದಲೇ ಬಂದಿವೆ. ತೆಲಂಗಾಣದ ಬತುಕಮ್ಮದಲ್ಲಿ ಜೋಡಿಸುವ ಮುಖ್ಯ ಹೂವುಗಳಾದ ತಂಗಡಿ ಮತ್ತು ಗುನುಗು ತೋಟದಲ್ಲಿ ಬೆಳೆಸಿದವಲ್ಲ. ಬೀಳುನೆಲದಲ್ಲಿ, ಮಡ್ಡಿಯ ಅಂಚಿನಲ್ಲಿ ತಾವಾಗಿ ಅರಳಿದವು. ದಸರೆಯ ದಿನ ನಾವು ‘ಬಂಗಾರ’ವೆಂದು ಹಂಚುವ ಬನ್ನಿಯೇ ತೆಲುಗರ ಜಮ್ಮಿ. 2014ರಲ್ಲಿ ಹೊಸ ರಾಜ್ಯವಾದ ತೆಲಂಗಾಣವು ಜಮ್ಮಿಯನ್ನು ರಾಜ್ಯದ ಮರವೆಂದೂ, ತಂಗಡಿಯನ್ನು ರಾಜ್ಯದ ಹೂವೆಂದೂ, ನೀಲಕಂಠವನ್ನು ರಾಜ್ಯದ ಹಕ್ಕಿಯೆಂದೂ ಘೋಷಿಸಿತು. ಮೂರೂ ತೆರೆದ ಹುಲ್ಲುನೆಲದ ಮಕ್ಕಳು. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿಯೂ ಹೌದು. ಎರಡು ರಾಜ್ಯಗಳು ತಮ್ಮ ಲಾಂಛನಕ್ಕೆ ಆರಿಸಿಕೊಂಡದ್ದು ಈ ನೆಲದ ಜೀವಗಳನ್ನು. ತಮ್ಮ ದಾಖಲೆಯಲ್ಲಿ ಪಾಳೆಂದು ಬರೆದದ್ದೂ ಈ ನೆಲವನ್ನೇ!

ಪಸ್ತಾಪುರದ ಪಾಠ

ಹಾಗೆಂದು ಎಲ್ಲವೂ ಕಳೆದುಹೋಯಿತೆಂದು ಕೈಚೆಲ್ಲಬೇಕಾಗಿಲ್ಲ. ಜಹೀರಾಬಾದಿಗೆ ಅಂಟಿಕೊಂಡ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ (1945–2023) ಮೈಸೂರಿನಲ್ಲಿ ಹುಟ್ಟಿದವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಬಡವರಿಗೆ, ಅದರಲ್ಲಿಯೂ ದಲಿತ ಕುಟುಂಬಗಳಿಗೆ, ದಕ್ಕಿದ ಮುರುಮಿನ ನೆಲವನ್ನು ಅಲ್ಲಿನ ಮಹಿಳೆಯರು ಸಂಘ ಕಟ್ಟಿಕೊಂಡು ಹಸನು ಮಾಡಿದರು. ಸಜ್ಜೆ, ನವಣೆ, ಜೋಳ, ತೊಗರಿಗಳನ್ನು ಬೆರೆಸಿ ಬಿತ್ತಿದರು. ಊರಿನ ಸಾರ್ವಜನಿಕ ನೆಲದಲ್ಲಿ ಸ್ಥಳೀಯ ಜಾತಿಯ ಮರಗಳನ್ನು ಬೆಳೆಸಿದರು. ಬಿತ್ತದೆ ಬೆಳೆಯುವ ಸೊಪ್ಪುಗಳನ್ನು ಗುರುತಿಸಿ, ಹೆಸರು ಹೇಳಿ ದಾಖಲಿಸಿದರು. 2008ರಿಂದ ಮಾಚನೂರಿನ ತಮ್ಮದೇ ಸಂಘಂ ರೇಡಿಯೋದಲ್ಲಿ ಆ ತಿಳಿವಳಿಕೆಯನ್ನು ಹಂಚಿದರು. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಕಂದಾಯದವರು ಪಾಳೆಂದದ್ದನ್ನು ಅಕ್ಷರ ಬಾರದ ತಾಯಂದಿರು ಒಂದೊಂದು ಸೊಪ್ಪಿನ ಹೆಸರು ಹಿಡಿದು ಮರಳಿ ಪಡೆದರು. ಹೆಸರಿಗೆ ಇರುವ ಬಲ ಇದು.

ನ್ಯಾಯಾಲಯಗಳೂ ಈಚೆಗೆ ಈ ನೆಲದತ್ತ ನೋಡುತ್ತಿವೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಊರಿನ ಸಾರ್ವಜನಿಕ ನೆಲದ ಒತ್ತುವರಿಯನ್ನು ತೆರವುಗೊಳಿಸಿ ಗ್ರಾಮಕ್ಕೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು ಅದೇ ನ್ಯಾಯಾಲಯ ತಡೆಯಿತು. ಅದು ಅರಣ್ಯವೋ ಅಲ್ಲವೋ ಎಂದು ನಾಡೆಲ್ಲ ವಾದಿಸಿತು. ಆ ಜಾಗದ ಹೆಸರಿನಲ್ಲಿಯೇ ಉತ್ತರದ ಒಂದು ಪಾಲು ಇದ್ದದ್ದನ್ನು ಬಹಳ ಜನ ಗಮನಿಸಲಿಲ್ಲ. ಅದು ಕಂಚ.

ಸಂಘದ ಮುಂದಿರುವ ಕೆಲಸ

ಗಡಿನಾಡ ಕನ್ನಡಿಗರಾದ ನಾವು ಭಾಷೆಯನ್ನು ಉಳಿಸಬೇಕೆಂದು ಪ್ರತಿ ಸಮ್ಮೇಳನದಲ್ಲಿಯೂ ನಿರ್ಣಯ ಮಾಡುತ್ತೇವೆ. ಭಾಷೆ ಕೇವಲ ಫಲಕಗಳಲ್ಲಿ, ಪಠ್ಯಗಳಲ್ಲಿ ಇರುವುದಲ್ಲ. ಮಡ್ಡಿ, ಮಸಾರಿ, ಬೀಳು, ಗಾಯರಾಣಗಳಲ್ಲಿಯೂ ಇದೆ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕನ್ನೂ ಬಲ್ಲ ನಮ್ಮ ಹಿರಿಯರ ಹಾಗೆ ಈ ನೆಲದ ಹೆಸರುಗಳನ್ನು ಒಟ್ಟಿಗೆ ಹೇಳಬಲ್ಲವರು ಬೇರೆ ಸೀಮೆಯಲ್ಲಿ ವಿರಳ. ಅವರು ಇರುವಾಗಲೇ ನಾವು ಕೇಳಿಕೊಳ್ಳಬೇಕು.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಸಂಘದ ಪ್ರತಿಯೊಂದು ಕುಟುಂಬವೂ ತನ್ನ ಮೂಲ ಊರಿನ ಒಂದು ಹುಲ್ಲುನೆಲವನ್ನು ಆರಿಸಿಕೊಳ್ಳಲಿ. ಅದನ್ನು ಅಜ್ಜಅಜ್ಜಿಯರು ಏನೆಂದು ಕರೆಯುತ್ತಿದ್ದರು, ಅಲ್ಲಿ ಯಾವ ಮರ, ಯಾವ ಹುಲ್ಲು, ಯಾವ ಹಕ್ಕಿ ಇತ್ತು, ಯಾರ ದನ, ಯಾರ ಕುರಿ ಮೇಯುತ್ತಿದ್ದವು, ದಾಖಲೆಯಲ್ಲಿ ಈಗ ಅದರ ಹೆಸರೇನು ಎಂಬ ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಮಕ್ಕಳು ಕೇಳಲಿ, ಹಿರಿಯರು ಹೇಳಲಿ. ಬಂದ ಉತ್ತರಗಳನ್ನು ಮುಂದಿನ ಸ್ಮರಣ ಸಂಚಿಕೆಯಲ್ಲಿ ಊರುವಾರು ಪದಕೋಶವಾಗಿ ಪ್ರಕಟಿಸೋಣ. ಆಗ ಶಾಲೆಯ ಪುಸ್ತಕದ ಸವನ್ನಾದ ಪಕ್ಕದಲ್ಲಿ ನಮ್ಮ ಮಕ್ಕಳು ಪೆನ್ಸಿಲಿನಿಂದ ‘ಕಾವಲು, ಕಂಚ, ಗಾಯರಾಣ’ ಎಂದು ಬರೆದುಕೊಳ್ಳಲಿ. ಕೆಳಗೆ ತಮ್ಮ ಊರಿನ ಹೆಸರನ್ನೂ ಬರೆಯಲಿ.